ಕೋಳಿಗೂಡಿಗೆ ಮೋಟಾರು ಬಾಗಿಲು

ಕೋಳಿ ಗೂಡು ಸೇರುವ ಮೊದಲು ಸೊಸೆ ಮನೆ ಸೇರಬೇಕು. ಇದು ಕಮಲಕ್ಕನ ಮನೆಯ ಕಾನೂನು. ಎಲ್ಲೂ ಬರೆದಿಟ್ಟದ್ದಲ್ಲ. ಆದರೂ ಸರ್ಕಾರದ ಕಾನೂನು ಮುರಿದವರು ಕಲ್ಲುಗುಡ್ಡೆ ಊರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಕಮಲಕ್ಕನ ಕಾನೂನು ಮುರಿದು ದಕ್ಕಿಸಿಕೊಂಡವರು ಮಾತ್ರ ಸಿಗುವುದಿಲ್ಲ.

ಚೌತಿ ಕಳೆದ ವಾರ ಅನಿತಾ ಅದನ್ನು ಮುರಿದಳು. ಬೇಕೆಂದು ಮುರಿದದ್ದಲ್ಲ. ಅವಳು ಕೆಲಸ ಮಾಡುವುದು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿರುವ ಮಲ್ಲೇಶಪ್ಪನ ಅಂಗಡಿಯಲ್ಲಿ. ಸುಟ್ಟ ಮೋಟಾರು, ಪಂಪುಸೆಟ್ಟು, ಮಿಕ್ಸಿಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವ ಅಂಗಡಿ ಅದು. ಅವತ್ತು ಸಂಜೆ ಒಂದು ಪಂಪಿನ ಸುತ್ತು ಅರ್ಧಕ್ಕೆ ಬಂದಿತ್ತು. ಅರ್ಧಕ್ಕೆ ಬಿಟ್ಟು ಎದ್ದರೆ ಲೆಕ್ಕ ತಪ್ಪುತ್ತದೆ. ಮುಗಿಸಿ ಎದ್ದಾಗ ಎನ್.ಆರ್. ಪುರದ ಕಡೆಯ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸಿಗೆ ಬಂದು ಇಳಿಯುವಾಗ ಕತ್ತಲೆ.

ಕತ್ತಲೆಗಿಂತ ಮೊದಲು ಕಾಡುಬೆಕ್ಕು ಬಂದಿತ್ತು. ಗೂಡಿನ ಬಾಗಿಲು ಹಾರು ಹೊಡೆದಿತ್ತು. ಸೌದೆ ರಾಶಿಯವರೆಗೂ ಪುಕ್ಕ ಚೆಲ್ಲಿತ್ತು. ಕಮಲಕ್ಕ ಡೇರಿಗೆ ಹಾಲು ಹಾಕಿ ಬಂದವಳು ಖಾಲಿ ಕ್ಯಾನು ಕೈಯಲ್ಲೇ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಬಂದ್ಯಾ? ಬಾ ಮಾರಾಯ್ತಿ. ಎರಡು ಹೇಂಟೆ ಹೋತು. ಇನ್ನು ಆರಾಮಾಗಿ ಕಾಫಿ ಕುಡಿ."

"ಬಸ್ಸು ತಪ್ಪಿತು ಅತ್ತೆ."

"ಬೆಕ್ಕಿಗೆ ತಪ್ಪಲಿಲ್ಲ ನೋಡು."

ರಾತ್ರಿ ಊಟಕ್ಕೆ ಕೆಸುವಿನ ಸೊಪ್ಪಿನ ಸಾರು ಇತ್ತು. ಗಂಟಲು ತುರಿಸಿದ್ದು ಸೊಪ್ಪಿನಿಂದಲೋ ಮಾತಿನಿಂದಲೋ ಯಾರಿಗೂ ಗೊತ್ತಾಗಲಿಲ್ಲ. ಅನಿತಾಳ ಗಂಡ ಕುಮಾರ ಹಾರ್ಡ್‌ವೇರ್ ಅಂಗಡಿಯೊಂದರ ಪಿಕಪ್ ಓಡಿಸುವವನು. ಇವತ್ತು ಶೃಂಗೇರಿ, ನಾಳೆ ಬಾಳೆಹೊನ್ನೂರು, ಮನೆಗೆ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಅವನು ತಲೆ ಬಗ್ಗಿಸಿ ಉಣ್ಣುತ್ತಾ ಒಂದು ದಾರಿ ಹುಡುಕಿದ.

"ಅಮ್ಮ, ನೀನೇ ಸ್ವಲ್ಪ ಬೇಗ ಡೇರಿಗೆ ಹೋಗಿ ಬಂದ್ರೆ ಆಗ್ತದಲ್ಲ?"

"ಡೇರಿಯವನು ನನ್ನ ಅಳಿಯನಾ, ನಾನು ಹೇಳಿದ ಹೊತ್ತಿಗೆ ಬಾಗಿಲು ತೆಗೆಯೋಕೆ?"

"ಹಂಗಾದ್ರೆ ಮೂಕಾಂಬಿಕಾ ಹತ್ರ ಹೇಳು. ಪಕ್ಕದ ಮನೆ. ಬಂದು ಅಗಳಿ ಹಾಕಿ ಹೋಗ್ಲಿ."

"ಅವಳ ಮನೆ ಕೋಳಿ ನಮ್ಮ ಚಪ್ಪರದ ಮೇಲೆ ಮಲಗ್ತವೆ. ಅವಳ ಕೈಲಿ ನಮ್ಮ ಗೂಡಿನ ಅಗಳಿ ಕೊಡ್ತಾನಂತೆ!" ಕಮಲಕ್ಕ ತಟ್ಟೆಗೇ ಕೈ ತೊಳೆದಳು. "ನೋಡು ಅನಿತಾ, ನಾನು ಕೆಲಸಕ್ಕೆ ಹೋಗಬೇಡ ಅಂದವಳಲ್ಲ. ನಾನೂ ತೋಟದ ಕೂಲಿ ಮಾಡಿಯೇ ಇವನನ್ನು ಸಾಕಿದ್ದು. ಆದ್ರೆ ಕತ್ತಲಾಗೋ ಮೊದ್ಲು ಮನೇಲಿರ್ತಿದ್ದೆ. ಇನ್ನೊಂದು ಕೋಳಿ ಹೋದ್ರೆ ನೀನು ಕೊಪ್ಪದ ದಾರಿ ಮರೀಬೇಕು. ಅಷ್ಟೇ."

ಅನಿತಾ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಯಾಕೆಂದರೆ ಅದೇ ಮಧ್ಯಾಹ್ನ ಮಲ್ಲೇಶಪ್ಪ ಕೂಡ ಒಂದು ಮಾತು ಹೇಳಿದ್ದ. ಮಳೆ ಬಿಟ್ಟ ಕೂಡಲೇ ಪಂಪುಗಳು ಬರುತ್ತವೆ, ತರುವವರು ತರುವುದೇ ಸಂಜೆ. ಸೀಸನ್ನಿನಲ್ಲಿ ಅಂಗಡಿ ಮುಚ್ಚುವವರೆಗೆ ನಿಲ್ಲಲಾಗದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕಾಗುತ್ತದೆ ಎಂದಿದ್ದ. ಆ ಕೆಲಸ ಅವಳಿಗೆ ಬೇಕಿತ್ತು. ಸಂಬಳಕ್ಕಾಗಿ ಬೇಕಿತ್ತು, ಅದು ಸರಿ. ಆದರೆ ಸತ್ತು ಬಿದ್ದ ಮೋಟಾರು ತನ್ನ ಕೈಯಿಂದ ಎದ್ದು ಗುಂಯ್‌ಗುಟ್ಟುವಾಗ ಆಗುವ ಸಂತೋಷ ಅವಳಿಗೆ ಬೇರೆಲ್ಲೂ ಆದದ್ದಿಲ್ಲ. ಅದನ್ನು ಬಿಟ್ಟುಕೊಡುವ ಮನಸ್ಸು ಅವಳಿಗೆ ಚೂರೂ ಇರಲಿಲ್ಲ.

"ಆಯ್ತು ಅತ್ತೆ," ಎಂದಳು. "ಇನ್ನೊಂದು ಕೋಳಿ ಹೋದ್ರೆ ನಾನು ಕೊಪ್ಪಕ್ಕೆ ಹೋಗಲ್ಲ. ಆದ್ರೆ ಬಾಗಿಲು ಹೆಂಗೆ ಹಾಕ್ಬೇಕು ಅನ್ನೋದು ನಂಗೆ ಬಿಡಿ."

"ಕೈಲೇ ಹಾಕ್ಬೇಕು. ಕಾಲಲ್ಲಿ ಹಾಕ್ತೀಯಾ?"

"ಕೈ ಕಾಲು ಎರಡೂ ಇಲ್ದೆ ಹಾಕ್ತೀನಿ."

ಕುಮಾರನಿಗೆ ನೀರು ನೆತ್ತಿಗೆ ಹತ್ತಿತು.

*

ಸಾಮಾನು ಒಂದೊಂದಾಗಿ ಮನೆಗೆ ಬಂತು. ಗುಜರಿಗೆ ಬಿದ್ದಿದ್ದ ಓಮ್ನಿ ವ್ಯಾನಿನ ಗಾಜು ಒರೆಸುವ ಮೋಟಾರನ್ನು ಗ್ಯಾರೇಜಿನಿಂದ ಕುಮಾರ ತಂದ. ಪಿಕಪ್ಪಿನ ಹಳೇ ಬ್ಯಾಟರಿ ಮನೆಯ ಮೂಲೆಯಲ್ಲೇ ಇತ್ತು. ಕಿಟಕಿ ಮಾಡುವವರ ಅಂಗಡಿಯಲ್ಲಿ ಉಳಿದ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿತು. ಬೀದಿದೀಪಕ್ಕೆ ಹಾಕುತ್ತಾರಲ್ಲ, ಕತ್ತಲಾದರೆ ತಾನೇ ದೀಪ ಹೊತ್ತಿಸಿ ಬೆಳಕಾದರೆ ತಾನೇ ಆರಿಸುವ ಪುಟ್ಟ ಸ್ವಿಚ್ಚು, ಅಂಥದ್ದೊಂದನ್ನು ಮಲ್ಲೇಶಪ್ಪ ಕೊಟ್ಟ. ಕೊಡುವಾಗ ನಕ್ಕ.

"ಕೋಳಿಗೂಡಿಗಾ? ಮೊದ್ಲು ನಮ್ಮನೆ ಗೇಟಿಗೆ ಹಾಕ್ಕೊಡು ಮಾರಾಯ್ತಿ. ನನ್ನ ಮಗ ರಾತ್ರಿ ಎಷ್ಟೊತ್ತಿಗೆ ಬರ್ತಾನೆ ಅಂತ ಕಾದು ಕಾದು ಸಾಕಾಗಿದೆ."

ಭಾನುವಾರ ಬೆಳಿಗ್ಗೆ ಅನಿತಾ ಗೂಡಿನ ಮುಂದೆ ಗೋಣಿ ಹಾಸಿಕೊಂಡು ಕೂತಳು. ಹಳೇ ಬಾಗಿಲು ಕಿತ್ತು, ಎರಡು ಕಡೆ ಪಟ್ಟಿ ಹೊಡೆದು, ನಡುವೆ ಮೇಲೆ ಕೆಳಗೆ ಜಾರುವಂತೆ ಹಲಗೆ ಕೂರಿಸಿದಳು. ಹಲಗೆಗೆ ಹಗ್ಗ, ಹಗ್ಗಕ್ಕೆ ಮೋಟಾರು, ಮೋಟಾರಿಗೆ ಬ್ಯಾಟರಿ. ಕತ್ತಲಾಗುವುದನ್ನು ನೋಡಿಕೊಳ್ಳಲು ಆ ಸ್ವಿಚ್ಚು. ಅದಕ್ಕೆ ಅವಳು 'ಕಣ್ಣು' ಎಂದು ಹೆಸರಿಟ್ಟಳು. ಕಣ್ಣಿಗೆ ಕತ್ತಲು ಕಂಡರೆ ಹಲಗೆ ಇಳಿಯಬೇಕು, ಬೆಳಕು ಕಂಡರೆ ಏರಬೇಕು.

ಕಮಲಕ್ಕ ಒಳಗೂ ಹೊರಗೂ ಓಡಾಡುತ್ತಾ ಪ್ರತಿ ಸಲವೂ ಒಂದೊಂದು ಮಾತು ಎಸೆದು ಹೋದಳು.

"ಕೋಳಿಗೂಡಿಗೆ ಬ್ಯಾಟರಿ! ನಮ್ಮಪ್ಪನ ಮನೆಗೆ ಕರೆಂಟು ಬಂದಿದ್ದು ನನ್ನ ಮದುವೆ ಆದ್ಮೇಲೆ."

"ಹಲಗೆ ಕೋಳಿ ಬೆನ್ನಿನ ಮೇಲೆ ಬಿದ್ರೆ?"

"ಬಿದ್ರೂ ಏನಾಗಲ್ಲ ಅತ್ತೆ. ಮೋಟಾರು ಒತ್ತೋದಿಲ್ಲ, ಹಗ್ಗ ಸಡ್ಲ ಬಿಡ್ತದೆ ಅಷ್ಟೇ. ಹಲಗೆ ತನ್ನ ಭಾರಕ್ಕೆ ಇಳೀತದೆ. ನಿಮ್ಮ ಕೈ ಕೊಡಿ, ತೋರಿಸ್ತೀನಿ."

"ನನ್ನ ಕೈ ಯಾಕೆ? ನಿನ್ನ ಗಂಡನ ಕೈ ಇಡು."

ಕುಮಾರ ಕೈ ಇಟ್ಟ. ಹಲಗೆ ಮೆಲ್ಲಗೆ ಬಂದು ಅವನ ಕೈಯ ಮೇಲೆ ಕೂತಿತು. "ಎಂತದೂ ಇಲ್ಲ ಅಮ್ಮ. ಬೆಕ್ಕಿನ ಮರಿ ಕೂತಂಗೆ," ಎಂದ. ಬೆಕ್ಕಿನ ಹೆಸರು ಆ ಹೊತ್ತಿನಲ್ಲಿ ಎತ್ತಬಾರದಿತ್ತು. ಕಮಲಕ್ಕ ಮೂತಿ ತಿರುಗಿಸಿ ಒಳಗೆ ಹೋದಳು.

ಎಲ್ಲ ಸರಿಯಾಯಿತು, ಕೋಳಿಗಳನ್ನು ಕೇಳುವುದೊಂದು ಬಿಟ್ಟು. ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ, ಬಾಗಿಲು ಮಾಡುವಾಗ ಮಾತ್ರ ಕೇಳಲೇಬೇಕು ಎಂದು ಅನಿತಾಳಿಗೆ ಸಂಜೆ ತಿಳಿಯಿತು. ಗೂಡಿನ ಹತ್ತಿರ ಬಂದ ಹುಂಜ ಹೊಸ ಹಲಗೆ ನೋಡಿ ಕತ್ತು ಚಾಚಿತು. ಪರೀಕ್ಷೆಗೆಂದು ಅನಿತಾ ಮೋಟಾರು ಒಮ್ಮೆ ಓಡಿಸಿದಳು. ಗರ್ ಎಂದ ಸದ್ದಿಗೆ ಹುಂಜ ಹಾರಿ ಸೌದೆ ರಾಶಿಯ ಮೇಲೆ ಕೂತಿತು. ಅದರ ಹಿಂದೆ ಇಡೀ ಸಂಸಾರ ಹಾರಿತು.

ಡೇರಿಯಿಂದ ಬಂದ ಕಮಲಕ್ಕ ಕ್ಯಾನು ಕೆಳಗಿಟ್ಟಳು. ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಗೂಡಿಗೆ ಬಿಟ್ಟಳು. ಕೊನೆಗೆ ಹುಂಜವನ್ನು ಬಿಡುವಾಗ ಅದಕ್ಕೆ ಹೇಳಿದಳು, "ಹೆದರಬೇಡ ಮಗಾ. ನಿನ್ನ ಮನೇಲೂ ಕಾರ್ಖಾನೆ ಶುರುವಾಗಿದೆ."

ಅನಿತಾಳಿಗೆ ನಗು ಬಂತು, ಸಿಟ್ಟೂ ಬಂತು. ಮರುದಿನದಿಂದ ಅವಳು ಬೆಳಿಗ್ಗೆ ಕೋಳಿಗಳಿಗೆ ತೌಡು ಹಾಕುವಾಗಲೆಲ್ಲ ಮೋಟಾರು ಓಡಿಸತೊಡಗಿದಳು. ತೌಡಿನ ಎದುರು ಸದ್ದು ಎಂಥದ್ದು! ಮೊದಮೊದಲು ತಿನ್ನುತ್ತಾ ಬೆಚ್ಚುತ್ತಿದ್ದವು, ಆಮೇಲೆ ತಲೆಯನ್ನೂ ಎತ್ತದೆ ತಿಂದವು. ಆ ವಾರವೆಲ್ಲ ಸಂಜೆ ಬೇಗ ಬರುವ ಬಸ್ಸಿಗೇ ಬಂದು, ಸೌದೆ ರಾಶಿಯ ಪಕ್ಕ ನಿಂತು ಕಾದಳು. ಕತ್ತಲಾಗುತ್ತಾ ಬಂದ ಹಾಗೆ ಕೋಳಿಗಳು ತಾವಾಗಿಯೇ ಒಳಗೆ ಹೋದವು. ಬೋಳುಕತ್ತಿನ ಒಂದು ಹೇಂಟೆಗೆ ಮಾತ್ರ ಮೂಕಾಂಬಿಕಾಳ ಅಂಗಳ ಸುತ್ತಿ ಬರದಿದ್ದರೆ ನಿದ್ದೆ ಬಾರದು. ಅದು ಬಂದು ಸೇರುವಷ್ಟು ಹೊತ್ತು ಕಾಯುವ ಹಾಗೆ ಅನಿತಾ ಕಣ್ಣನ್ನು ತಿರುಗಿಸಿ ಕೂರಿಸಿದಳು. ಅದು ಒಳಗೆ ಹೋಗುವುದು, ಆಮೇಲೆ ಹಲಗೆ ಇಳಿಯುವುದು. ನಡುವೆ ಯಾರ ಕೈಯೂ ಇಲ್ಲ.

ಅನಿತಾ ಕೊನೆಯ ಬಸ್ಸಿಗೆ ಬರತೊಡಗಿದಳು. ಮಲ್ಲೇಶಪ್ಪನ ಅಂಗಡಿಯಲ್ಲಿ ಪಂಪುಗಳ ಸಾಲು ಕರಗಿತು. ಕೋಳಿಗಳ ಲೆಕ್ಕ ತಪ್ಪಲಿಲ್ಲ. ಕಮಲಕ್ಕ ದಿನಾ ರಾತ್ರಿ ಟಾರ್ಚು ಹಿಡಿದು ಹೋಗಿ ಹಲಗೆಯನ್ನು ಅಲ್ಲಾಡಿಸಿ ನೋಡಿ ಬರುವಳು. ಬಂದವಳು, "ಇವತ್ತು ಹಾಕಿದೆ," ಎನ್ನುವಳು, ನಾಳೆಯ ಮಾತು ನಾಳೆಗೆ ಎಂಬಂತೆ.

"ನಿನ್ನೆಯೂ ಹಾಕಿತ್ತು ಅಮ್ಮ," ಎಂದ ಕುಮಾರ ಒಂದು ದಿನ, ರೊಟ್ಟಿಗೆ ಕಳಲೆ ಪಲ್ಯ ಹಚ್ಚಿಕೊಳ್ಳುತ್ತಾ.

"ನಿನ್ನೆ ಹಾಕಿದ್ದಕ್ಕೆ ನಿನ್ನೆಯೇ ಹೇಳಿಯಾಗಿದೆ."

ಸೋತೆ ಎನ್ನುವುದು ಅವಳ ಬಾಯಿಗೆ ಬಾರದ ಮಾತು. ಆದರೆ ಕೊನೆಯ ಬಸ್ಸಿಗೆ ಬಂದ ಸೊಸೆಗೆ ಸಾರು ಬಿಸಿಯಾಗಿರುತ್ತಿತ್ತು. ಅನಿತಾ ಅದನ್ನು ಗಮನಿಸಿದಳು, ಮನಸ್ಸಿನಲ್ಲೇ ಗೆದ್ದೆ ಎಂದುಕೊಂಡಳು.

*

ದೀಪಾವಳಿಗೆ ಅನಿತಾಳ ಮಗಳು ದೀಪಶ್ರೀ ಶೃಂಗೇರಿಯ ಹಾಸ್ಟೆಲಿನಿಂದ ಬಂದಳು. ಅಜ್ಜಿಗೂ ಮೊಮ್ಮಗಳಿಗೂ ಈ ಹಬ್ಬದಲ್ಲಿ ಒಂದು ಪಾಲುಗಾರಿಕೆ. ಈ ಕಡೆ ದೀಪಾವಳಿ ಎಂದರೆ ಮನೆಯ ಹೊಸ್ತಿಲಿಗೆ ಮಾತ್ರ ದೀಪವಲ್ಲ. ಬಾವಿಕಟ್ಟೆಗೆ ಒಂದು, ಕೊಟ್ಟಿಗೆಗೆ ಒಂದು, ಗೊಬ್ಬರದ ಗುಂಡಿಗೆ ಒಂದು, ಗದ್ದೆಯ ಮೂಲೆಗೆ ಕೋಲಿಗೆ ಕಟ್ಟಿದ್ದು ಒಂದು. ಅನ್ನ ಕೊಡುವ ಯಾವ ಜಾಗವೂ ಆ ಸಂಜೆ ಕತ್ತಲಲ್ಲಿ ಇರಬಾರದು. ಇಬ್ಬರೂ "ದೀಪ್ ದೀಪ್ ದೀಪೋಳ್ಗ್ಯೋ" ಎಂದು ಕೂಗುತ್ತಾ ಇನ್ನೂ ಬೆಳಕಿರುವಾಗಲೇ ಹೊರಟರು. ಅನಿತಾ ಒಳಗೆ ಸೌತೆಕಾಯಿ ಕಡುಬಿನ ಹಿಟ್ಟು ಎಲೆಗೆ ಹಚ್ಚುತ್ತಾ ಆ ಕೂಗು ಕೇಳಿ ಸಂತೋಷಪಟ್ಟಳು. ಅವತ್ತು ಹಬ್ಬವೆಂದು ಕಮಲಕ್ಕ ಟಾರ್ಚು ಹಿಡಿದು ಹೋಗಲಿಲ್ಲ. ಅನಿತಾಳೂ ಹೋಗಲಿಲ್ಲ. ಬಾಗಿಲಿನ ಮೇಲೆ ಅವಳಿಗೆ ಅಷ್ಟು ನಂಬಿಕೆ ಬಂದಿತ್ತು.

ಬೆಳಿಗ್ಗೆ ತೌಡು ತೆಗೆದುಕೊಂಡು ಹೋದ ಕಮಲಕ್ಕ ಬರಿಗೈಲಿ ಬಂದಳು.

"ಕರಿ ಹೇಂಟೆ ಇಲ್ಲ."

ಎಲ್ಲರೂ ಓಡಿದರು. ಗೂಡಿನೊಳಗೆ ಕರಿ ಪುಕ್ಕ, ಹೊರಗೆ ಎಳೆದುಕೊಂಡು ಹೋದ ಗುರುತು. ಮೊಟ್ಟೆಗೆ ಹೆಸರಾದ ಕೋಳಿ ಅದು. ಅದರ ಮೊಟ್ಟೆಯನ್ನು ಕಮಲಕ್ಕ ಯಾರಿಗೂ ಮಾರುತ್ತಿರಲಿಲ್ಲ, ಹಾಸ್ಟೆಲಿಗೆ ಹೋಗುವ ಮೊಮ್ಮಗಳಿಗೆಂದು ಕೂಡಿಡುತ್ತಿದ್ದಳು. ಹಲಗೆ ಎಂದಿನಂತೆ ಮೇಲೇರಿ ನಿಂತಿತ್ತು, ತನಗೇನೂ ಗೊತ್ತಿಲ್ಲ ಎಂಬ ಹಾಗೆ.

"ಬಾಗ್ಲು ಹಾಕಿದ್ರೆ ಬೆಕ್ಕು ಎಲ್ಲಿಂದ ಬಂತು? ಮೇಲಿಂದ ಇಳೀತಾ?" ಕಮಲಕ್ಕನ ದನಿ ಏರಿತು. "ಕೈಲಿ ಹಾಕೋ ಅಗಳಿ ಕಿತ್ತು ಬಿಸಾಕಿ ಆಟದ ಸಾಮಾನು ಕಟ್ಟಿದ್ಲು. ನಾನು ಅವತ್ತೇ ಹೇಳ್ದೆ!"

ಅನಿತಾ ಉತ್ತರ ಕೊಡದೆ ಹಗ್ಗ ನೋಡಿದಳು, ತಂತಿ ನೋಡಿದಳು, ಬ್ಯಾಟರಿ ನೋಡಿದಳು. ಎಲ್ಲ ಸರಿ ಇತ್ತು. ಕೊನೆಗೆ ಕಣ್ಣಿನ ಹತ್ತಿರ ಬಂದಾಗ ಅದರ ಕೆಳಗೆ ಗೂಡಿನ ಅಂಚಿನ ಮೇಲೆ ಒಂದು ಮಣ್ಣಿನ ಹಣತೆ ಕಂಡಿತು. ಎಣ್ಣೆ ತೀರಿ ಬತ್ತಿ ಕರಕಾಗಿತ್ತು. ಕಣ್ಣಿನ ಗಾಜಿಗೆ ಮಸಿ ಹಿಡಿದಿತ್ತು.

ಅವಳಿಗೆ ಎಲ್ಲ ತಿಳಿಯಿತು. ಬೆಳಕಿರುವಾಗಲೇ ಇಟ್ಟ ದೀಪ. ಹೊರಗೆ ಕತ್ತಲಾದರೂ ಕಣ್ಣಿಗೆ ಕತ್ತಲಾಗಲಿಲ್ಲ. ಎಣ್ಣೆ ತೀರುವವರೆಗೂ ಆ ಬಾಗಿಲಿನ ಪಾಲಿಗೆ ಸಂಜೆಯೇ ಆಗಲಿಲ್ಲ. ಬೆಕ್ಕು ರಾಜಬೀದಿಯಲ್ಲಿ ಬಂದಂತೆ ಬಂದು ಹೋಗಿತ್ತು.

ದೀಪಶ್ರೀ ಹಣತೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. "ಅಜ್ಜಿ, ಇದು ನಾವೇ ಇಟ್ಟಿದ್ದಲ್ವ? ಕೋಳಿಗೂ ಹಬ್ಬ ಅಂತ?"

"ಇಟ್ಟೆ. ನಮ್ಮತ್ತೆಯೂ ಇಡ್ತಿದ್ರು, ಅವರತ್ತೆಯೂ ಇಡ್ತಿದ್ರು. ಹಬ್ಬದ ದಿನ ದೀಪ ಇಡೋದೂ ತಪ್ಪಾ? ಒಂದು ಹಣತೆಗೆ ಮೋಸ ಹೋಗೋ ಬಾಗ್ಲು ಎಂತ ಬಾಗ್ಲು?"

"ಅಮ್ಮ, ತಪ್ಪು ನಿಂದಿಟ್ಕೊಂಡು..." ಎಂದು ಕುಮಾರ ಶುರುಮಾಡಿದ.

"ನೀವು ಸುಮ್ನಿರಿ," ಎಂದಳು ಅನಿತಾ. "ದೀಪ ಇಟ್ಟಿದ್ದು ತಪ್ಪಲ್ಲ. ಈ ಮನೆಗೆ ಬಂದಾಗಿಂದ ಈ ಹಬ್ಬ ನೋಡಿದ್ದೀನಿ. ಕಣ್ಣು ಕೂರಿಸೋವಾಗ ನಂಗೆ ನೆನಪಾಗ್ಬೇಕಿತ್ತು. ರಾತ್ರಿ ಬಂದು ನೋಡಲೂ ಇಲ್ಲ." ಅವಳು ಅತ್ತೆಯ ಮುಖ ನೇರ ನೋಡಿದಳು. "ಮಾತು ಕೊಟ್ಟಿದ್ದೀನಿ ಅತ್ತೆ. ಕೋಳಿ ಹೋತು. ನಾಳೆಯಿಂದ ಹೋಗಲ್ಲ."

ಕಮಲಕ್ಕ ಇನ್ನೂ ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದಳು. ಎದುರಾಳಿಯೇ ಕೂತುಬಿಟ್ಟರೆ ಜಗಳವಾಡುವುದಾದರೂ ಯಾರ ಹತ್ತಿರ? "ಆಯ್ತು," ಎಂದು ಹೇಳಿ ಒಳಗೆ ಹೋದಳು.

ಫೋನಿನಲ್ಲಿ ಮಲ್ಲೇಶಪ್ಪ ಕೂಗಾಡಿದ. "ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ ಮಾರಾಯ್ತಿ! ಕೋಳಿ ಕಾರಣಕ್ಕೆ ಕೆಲಸ ಬಿಡ್ತೀಯಾ? ಸೋಮವಾರದವರೆಗೆ ಕಾಯ್ತೀನಿ. ಆಮೇಲೆ ಬೇರೆಯವರನ್ನು ಕರೀಲೇಬೇಕು." ಅನಿತಾ ಫೋನ್ ಇಟ್ಟು, ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಮುಖ ತೊಳೆದು ಬಂದು ಸ್ಕ್ರೂಡ್ರೈವರ್ ಹಿಡಿದಳು. ಕೆಲಸ ಹೋದರೆ ಹೋಗಲಿ, ತಾನು ಮಾಡಿದ ಬಾಗಿಲು ಕೆಟ್ಟದ್ದು ಎನ್ನಿಸಿಕೊಳ್ಳುವುದು ಅವಳಿಂದ ಆಗದು.

"ಕಣ್ಣು ಕಿತ್ತು ಗಡಿಯಾರ ಹಾಕು," ಎಂದ ಕುಮಾರ. "ಹೊತ್ತಿಗೆ ಸರಿಯಾಗಿ ಹಾಕ್ಲಿ."

"ಕೋಳಿ ಗಡಿಯಾರ ನೋಡಿ ಮಲಗ್ತವಾ? ಬೇಸಗೇಲಿ ಒಂದು ಹೊತ್ತು, ಮಳೆಗಾಲದಲ್ಲಿ ಒಂದು ಹೊತ್ತು. ಬೆಳಕೇ ಸರಿ. ಕಣ್ಣು ನೆಲ ನೋಡ್ಬಾರ್ದು, ಆಕಾಶ ನೋಡ್ಬೇಕು."

ನೀರಿನ ಪೈಪಿನ ತುಂಡೊಂದನ್ನು ಗೂಡಿನ ಚಾವಣಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಬಾಯಿಗೆ ಗಾಜು ಅಂಟಿಸಿ, ಕಣ್ಣನ್ನು ಅದರೊಳಗೆ ಇಟ್ಟಳು. ಈಗ ಅದಕ್ಕೆ ಕಾಣುವುದು ಮೇಲಿನ ಬೆಳಕು ಮಾತ್ರ. ಆ ಸಂಜೆ ದೀಪಶ್ರೀ ಒಂದಲ್ಲ, ಸಾಲು ಹಣತೆ ಹಚ್ಚಿ ಗೂಡಿನ ಸುತ್ತ ಇಟ್ಟಳು. ಹಲಗೆ ಅವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಇಳಿಯಿತು.

*

ಅನಿತಾ ಮನೆಯಲ್ಲಿ ಕೂತದ್ದು ಕಮಲಕ್ಕನಿಗೆ ಸುಖವಾಗಬೇಕಿತ್ತು. ಆಗಲಿಲ್ಲ. ಅವಳು ಏಳುವಷ್ಟರಲ್ಲಿ ಸೊಸೆ ಕೊಟ್ಟಿಗೆ ಗುಡಿಸಿರುತ್ತಿದ್ದಳು. ಉಪ್ಪಿನ ಭರಣಿ ಇದ್ದಲ್ಲಿ ಇರುತ್ತಿರಲಿಲ್ಲ. ಸಾರಿಗೆ ಹುಳಿ ಒಬ್ಬರು ಹಾಕಿದ ಮೇಲೆ ಇನ್ನೊಬ್ಬರು ಹಾಕುವರು.

"ಹುಳಿ ಹಾಕಿತ್ತಲ್ಲೆ!"

"ಹೇಳ್ಲಿಲ್ಲ ನೀವು."

"ಇಷ್ಟು ವರ್ಷ ನಾನು ಯಾರಿಗೆ ಹೇಳಿ ಹಾಕ್ತಿದ್ದೆ?"

ಸಂಜೆಯಾದರೆ ಅನಿತಾ ಗೂಡಿನ ಎದುರು ಕೈ ಕಟ್ಟಿ ನಿಲ್ಲುವಳು. ಹಲಗೆ ತಾನಾಗಿ ಇಳಿಯುವುದು. ಅವಳು ತಾನಾಗಿ ಒಳಗೆ ಬರುವಳು. ಡೇರಿಯಿಂದ ಬರುವ ಕಮಲಕ್ಕನಿಗೆ ದಿನಾ ಕಾಣುವುದು ಮುಚ್ಚಿದ ಬಾಗಿಲು, ಒಳಗೆ ಬರುತ್ತಿರುವ ಸೊಸೆ. ದೀಪಶ್ರೀ ಹಾಸ್ಟೆಲಿಗೆ ಹೊರಡುವಾಗ ಅಜ್ಜಿಯ ಕಾಲಿಗೆ ಬಿದ್ದು ಎದ್ದವಳು ಬಾಯಿ ಬಿಟ್ಟೇಬಿಟ್ಟಳು.

"ಅಜ್ಜಿ, ಬಾಗ್ಲು ಅದೇ ಹಾಕ್ತದೆ. ಅಮ್ಮ ಎಂತ ಕಾಯ್ತಿದಾಳೆ?"

"ನಿಂಗೆ ಬಸ್ಸು ಬಂತು, ಹೋಗು," ಎಂದಳು ಕಮಲಕ್ಕ. ಆದರೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಭಾನುವಾರ ಸಂಜೆ ಅವಳು ಹಾಲಿನ ಕ್ಯಾನನ್ನು ಮಗನ ಕೈಗೆ ಕೊಟ್ಟಳು. "ಇವತ್ತು ನೀನು ಹಾಕಿ ಬಾ."

"ನಾನಾ? ನಿಂಗೆ ಹುಷಾರಿಲ್ವ ಅಮ್ಮ?"

"ಆ ಬಾಗ್ಲು ಸಂಜೆ ತಾನಾಗೇ ಇಳಿಯೋದನ್ನ ಇಡೀ ಊರು ನೋಡಿದೆ. ಈ ಮನೆ ಯಜಮಾನ್ತಿ ನೋಡಿಲ್ಲ. ಹೋಗೋ."

ನಿಜವೇ. ಬಾಗಿಲು ಇಳಿಯುವ ಹೊತ್ತಿಗೆಲ್ಲ ಅವಳು ಡೇರಿಯ ಕಟ್ಟೆಯ ಮೇಲಿರುತ್ತಿದ್ದಳು. ಸೊಸೆಯಿಂದ ಮಾರು ದೂರ, ಸೌದೆ ರಾಶಿಗೆ ಒರಗಿ ನಿಂತಳು. ಹುಂಜ ಒಳಗೆ ಹೋಯಿತು, ಹೇಂಟೆಗಳು ಹೋದವು. ಬೋಳುಕತ್ತಿನದ್ದು ಮೂಕಾಂಬಿಕಾಳ ಅಂಗಳದಿಂದ ಓಡಿ ಬಂತು, ಅದರ ಹಿಂದೆಯೇ ಮೂಕಾಂಬಿಕಾ. ಮೋಟಾರು ಗರ್ ಎಂದಿತು. ಹಲಗೆ ಅವಸರವಿಲ್ಲದೆ ಇಳಿದು ಹೊಸ್ತಿಲಿಗೆ ಕೂತಿತು. ಅಗಳಿ ಹಾಕಲೆಂದು ಎರಡು ಹೆಜ್ಜೆ ಮುಂದೆ ಹೋಗಿದ್ದ ಕಮಲಕ್ಕನ ಕೈ ಹಾಗೆಯೇ ನಿಂತಿತು. ಅಲ್ಲಿ ಹಾಕುವುದಕ್ಕೆ ಏನೂ ಇರಲಿಲ್ಲ.

"ಅಬ್ಬಬ್ಬ!" ಎಂದಳು ಮೂಕಾಂಬಿಕಾ. "ಕಮಲಕ್ಕ, ನಮಗೂ ಒಂದು ಹಿಂಗೆ ಮಾಡಿಸಿ ಕೊಡಿ. ಹೆಂಗೂ ಅನಿತಾ ಈಗ ಮನೇಲೇ ಇರ್ತಾಳಲ್ಲ."

ಅನಿತಾ ನೆಲ ನೋಡಿದಳು. ನಾಳೆ ಸೋಮವಾರ, ಮಲ್ಲೇಶಪ್ಪ ಕೊಟ್ಟ ಗಡುವು ಎಂಬುದು ಬೆಳಗಿನಿಂದ ಅವಳ ತಲೆಯಲ್ಲಿ ಸುತ್ತುತ್ತಿತ್ತು.

"ಯಾರು ಹೇಳಿದ್ದು ಮನೇಲಿರ್ತಾಳೆ ಅಂತ?" ಕಮಲಕ್ಕನ ದನಿ ಗಡುಸಾಗಿತ್ತು. "ಹಬ್ಬ ಅಂತ ರಜೆ ಹಾಕಿದ್ಲು. ನಾಳೆ ಹೋಗ್ತಾಳೆ. ಅಲ್ಲಿ ಪಂಪು ರಾಶಿ ಬಿದ್ದಿವೆಯಂತೆ. ನಿನ್ನ ಗೂಡಿನ ಕೆಲಸ ಇದ್ರೆ ಭಾನುವಾರ ಬಾ."

"ಅಲ್ಲ, ಬಾಗ್ಲು ಕೈಕೊಟ್ಟು ಕೋಳಿ ಹೋತಂತಲ್ಲ? ಅದಕ್ಕೇ ಕೆಲಸ ಬಿಡಿಸಿದ್ರಿ ಅಂತ..."

"ಬಾಗ್ಲು ಯಾಕೆ ಕೈಕೊಡ್ತದೆ?" ಕಮಲಕ್ಕ ಮೂಕಾಂಬಿಕಾಳ ಕಡೆಗೇ ಮುಖ ಮಾಡಿ ನಿಂತಿದ್ದಳು. ಸೊಸೆಯ ಕಡೆ ತಿರುಗಲಿಲ್ಲ. "ಅದರ ಕಣ್ಣಿನ ಹತ್ರ ದೀಪ ಇಟ್ಟವಳು ನಾನು. ಕೋಳಿ ಕಳೆದವಳೂ ನಾನೇ. ಬಾಗ್ಲು ಮಾಡಿದವಳಲ್ಲ."

ಅನಿತಾಳಿಗೆ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಿಂದ ಇಂಥ ಮಾತು ಅವಳು ಕೇಳಿರಲಿಲ್ಲ. ಅದೂ ಮೂಕಾಂಬಿಕಾಳ ಎದುರು. ನಾಳೆ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಕಮಲಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ಮೂಕಾಂಬಿಕಾ ಹೋದ ಮೇಲೆ ಕಮಲಕ್ಕ ಸೆರಗು ಕೊಡವಿಕೊಂಡಳು.

"ಎಂತ ನಿಂತಿದ್ದೀಯಾ? ನಿಮ್ಮ ಸಾಹುಕಾರರಿಗೆ ಫೋನ್ ಮಾಡು. ಮತ್ತೆ, ಬಾಗಿಲಿಗೋಸ್ಕರ ಅರ್ಧ ಕೆಲಸ ಬಿಟ್ಟು ಓಡಿ ಬರಬೇಡ. ಕೊನೆ ಬಸ್ಸಿಗೇ ಬಾ."